‘ನಂದೇನುಂಟು ಹೇಳ್ಲಿಕ್ಕೆ’ ಅನ್ನುವ ಉಡುಪಿಯ ಅಜ್ಜಿಯ ನೆನಪುಗಳನ್ನು ರೆಕಾರ್ಡ್ ಮಾಡೋದು ಹೇಗೆ?
‘ನಿಮ್ಮ ಕಥೆ ಹೇಳಿ’ ಅಂದರೆ ಯಾವ ಅಜ್ಜಿಯೂ ಬಾಯಿ ಬಿಡುವುದಿಲ್ಲ. ಏನಾದರೂ ಹಳೇ ವಸ್ತು ತೋರಿಸಿ. ನಾನು ದೊಡ್ಡಮ್ಮನ ಮುಂದೆ ಅಟ್ಟದಲ್ಲಿದ್ದ ಸೇರು ತಂದಿಟ್ಟೆ, ಅಷ್ಟೇ. ಗೇಣಿ ಅಳೆದುಕೊಟ್ಟ ಮೇಲೆ ಮನೆಗೆ ಅಕ್ಕಿ ಎಷ್ಟು ಉಳಿಯುತ್ತಿತ್ತು, ಆಟಿ ತಿಂಗಳ ಮಳೆಯಲ್ಲಿ ಉಪ್ಪಲ್ಲಿಟ್ಟ ಹಲಸಿನ ಸೊಳೆ ಎಷ್ಟು ದಿನ ಬಂತು, ಮಕ್ಕಳಿಗೆ ಬಡಿಸಿ ತಾನು ಬರೀ ಗಂಜಿತಿಳಿ ಕುಡಿದದ್ದು... ಮುಕ್ಕಾಲು ಗಂಟೆ ನಿಲ್ಲಿಸಲೇ ಇಲ್ಲ.

ಇಸವಿ ಕೇಳಬೇಡಿ, ಸುಮ್ನೆ ಗೊಂದಲ. ‘ಡಿಕ್ಲರೇಶನ್‌ಗೆ ಮುಂಚೆಯೋ ಆಮೇಲೋ?’ ಅಂತ ಕೇಳಿ. 1974ರ ಭೂಸುಧಾರಣೆಯಲ್ಲಿ ಗೇಣಿ ಭೂಮಿ ತಮ್ಮ ಹೆಸರಿಗಾಗಲಿ ಅಂತ ಕೊಟ್ಟ ಆ ಅರ್ಜಿ ಒಕ್ಕಲು ಮನೆಗಳಲ್ಲಿ ಮರೆಯುವ ವಿಷಯ ಅಲ್ವಲ್ಲ.

ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಇರಲಿ, ಕನ್ನಡ ಲಿಪಿಯಲ್ಲಿ ಬರೆದಿಡಿ. ನೇಜಿ (ಭತ್ತದ ಸಸಿ) ನೆಡುವಾಗ ಹಾಡುತ್ತಿದ್ದ ಪಾಡ್ದನವನ್ನು, ಅಂದರೆ ತುಳುವಿನ ಜನಪದ ಕಥೆಹಾಡನ್ನು, ಕನ್ನಡಕ್ಕೆ ತಿರುಗಿಸಿದರೆ ಅರ್ಧ ಜೀವ ಹೋಗುತ್ತದೆ.

ಫ್ಯಾನ್ ಆಫ್ ಮಾಡಿ, ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಫೈಲನ್ನು ಎರಡು ಕಡೆ ಇಡಿ. ವಾಟ್ಸಾಪ್ ಗ್ರೂಪನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅತ್ತೆ, ನಾದಿನಿಯ ವಿಷಯ ಬಂದೇ ಬರುತ್ತದೆ. ಅದನ್ನು ಯಾರಿಗೆ ಕೇಳಿಸಬಹುದು ಅಂತ ಅಜ್ಜಿಯನ್ನೇ ಕೇಳಿ. ಹಾಡು ಜಾಸ್ತಿ ಸಿಕ್ಕಿದರೆ ಎಂಜಿಎಂ ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರದಲ್ಲಿ ವಿಚಾರಿಸಿ ನೋಡಿ.