ಟೈಲ್ಸ್ ಮೇಲೆ ಕಾರ್ ಲಿಫ್ಟ್ ಕೂರಿಸಬಹುದೇ?

ಪ್ರಶ್ನೆ: ಮನೆಯ ಕಾರ್ ಶೆಡ್ಡಿಗೆ 4 ಟನ್ನಿನ ಎರಡು ಕಂಬದ ಲಿಫ್ಟ್ ತರಿಸಿದ್ದೇನೆ. ನೆಲಕ್ಕೆ ಪಾರ್ಕಿಂಗ್ ಟೈಲ್ಸ್ ಹಾಕಿದೆ, ಒಂದು ಮೂಲೆಯಲ್ಲಿ ಸಂಪು ಇದೆ. ಜೊತೆಗೆ ಬಂದಿರುವ ಮುಕ್ಕಾಲು ಇಂಚಿನ ಆಂಕರ್ ಬೋಲ್ಟ್‌ಗಳನ್ನು (ಕಂಬವನ್ನು ನೆಲಕ್ಕೆ ಬಿಗಿಯುವ ಬೋಲ್ಟ್) ಟೈಲ್ಸ್ ಮೇಲಿಂದಲೇ ಹೊಡೆಯಬಹುದೇ?

ಉತ್ತರ: ದಯವಿಟ್ಟು ಹೊಡೆಯಬೇಡಿ. ಟೈಲ್ಸಿಗೂ ಅದರಡಿಯ ಗಾರೆಗೂ ಬೋಲ್ಟ್ ಹಿಡಿಯುವ ಶಕ್ತಿಯಿಲ್ಲ. ಈ ಅಳತೆಯ ಬೋಲ್ಟು ಗಟ್ಟಿ ಕಾಂಕ್ರೀಟಿನೊಳಗೆ ಕನಿಷ್ಠ ಮೂರೂಕಾಲು ಇಂಚು ಇಳಿದಿರಬೇಕು. ಮನೆಗಳ ಶೆಡ್ಡಿನಲ್ಲಿ ಸಾಮಾನ್ಯವಾಗಿ ಇರುವುದು ಕಂಬಿಯಿಲ್ಲದ ಮೂರು-ನಾಲ್ಕು ಇಂಚಿನ ಬೆಡ್ ಕಾಂಕ್ರೀಟು ಮಾತ್ರ.

ಭಾರ ಕಂಬವನ್ನು ನೆಲಕ್ಕೆ ಒತ್ತುತ್ತದೆ, ಬೋಲ್ಟಿಗೇನು ಕೆಲಸ ಎಂದು ಹಲವರು ತಿಳಿಯುತ್ತಾರೆ. ಕಾರು ಕೂರುವುದು ಕಂಬದ ಮೇಲಲ್ಲ, ಮುಂದೆ ಚಾಚಿದ ತೋಳುಗಳ ತುದಿಯಲ್ಲಿ. 1,500 ಕಿಲೋ ಕಾರೆಂದರೆ ಒಂದು ಕಂಬದ ಪಾಲು 750 ಕಿಲೋ. ಅದು ಕಂಬದಿಂದ ಎರಡು ಅಡಿ ಆಚೆ ತೂಗುವಾಗ ಕಂಬ ಒಳಕ್ಕೆ ಬಾಗಲು ನೋಡುತ್ತದೆ, ಹೊರಬದಿಯ ಬೋಲ್ಟ್‌ಗಳನ್ನು ಒಟ್ಟು ಸುಮಾರು ಒಂದು ಟನ್ ಬಲದಿಂದ ಮೇಲಕ್ಕೆ ಕೀಳುತ್ತದೆ. ಲಿಫ್ಟಿನ ಕೆಳಗೆ ನಿಲ್ಲುವವರ ಜೀವ ಆ ಎರಡು ಮೂರು ಬೋಲ್ಟಿನ ಮೇಲಿದೆ.

ಸಂಪಿನ ಮುಚ್ಚಳದ ಸ್ಲ್ಯಾಬಿನ ಮೇಲಂತೂ ಕಂಬ ಬರಲೇಕೂಡದು. ಸಂಪಿನ ಗೋಡೆಗೆ ಅಂಟಿದಂತೆ ಅಗೆಯುವುದೂ ಬೇಡ.

ಟೈಲ್ಸ್ ಕಿತ್ತು, ಎರಡೂ ಕಂಬಕ್ಕೆ ಸೇರಿ ಒಂದೇ ಹಾಸು ಹಾಕಿಸಿ: ಸುಮಾರು 14 ಅಡಿ ಉದ್ದ, 5 ಅಡಿ ಅಗಲ, 8 ಇಂಚು ದಪ್ಪ, ಎಂ25 ದರ್ಜೆಯ ಗಟ್ಟಿ ಕಾಂಕ್ರೀಟು. 12 ಮಿ.ಮೀ. ಕಂಬಿಯ ಜಾಲರಿ ಮೇಲೊಂದು, ಕೆಳಗೊಂದು. ಕಂಬಕ್ಕೊಂದರಂತೆ ಬೇರೆ ಬೇರೆ ಗುಂಡಿ ತೋಡಿದರೆ ತುಂಬಿದ ಮಣ್ಣಿನಲ್ಲಿ ಒಂದು ಹೆಚ್ಚು ಕುಸಿದು ಲಿಫ್ಟಿನ ಮಟ್ಟ ತಪ್ಪುತ್ತದೆ. ಕಂಬದ ಬುಡದ ತಟ್ಟೆಯ (ಬೇಸ್‌ಪ್ಲೇಟ್) ತೂತುಗಳ ಜಾಗ ಮೊದಲೇ ಗುರುತಿಸಿ, ಅಲ್ಲಿ ಕಂಬಿ ಬಾರದಂತೆ ಕಟ್ಟಿಸಿ. ಹತ್ತು ದಿನ ನೀರುಣಿಸಿ, 28 ದಿನ ಕಳೆದ ಮೇಲಷ್ಟೇ ಡ್ರಿಲ್ ಹಿಡಿಯಿರಿ.

ಹ್ಯಾಮರ್ ಡ್ರಿಲ್ಲಿಗೆ ಮುಕ್ಕಾಲು ಇಂಚಿನ ಹೊಸ ಬಿಟ್ಟನ್ನೇ ಹಾಕಿ. ಬೋಲ್ಟೂ ತೂತೂ ಒಂದೇ ಅಳತೆ. ಕಾಂಕ್ರೀಟನ್ನು ಕೊಳವೆಯಂತೆ ಕೊರೆದು ತೆಗೆಯುವ ಕೋರ್ ಕಟಿಂಗ್ ಬೇಡ, ತೂತಿನ ಗೋಡೆ ನುಣುಪಾಗಿ, ನಟ್ ಬಿಗಿದಾಗ ಅಗಲವಾಗಿ ಕಚ್ಚಬೇಕಾದ ಬೋಲ್ಟಿನ ಬೆಣೆ ಜಾರುತ್ತದೆ. ತೂತು ಹಾಸಿನ ಅಂಚಿನಿಂದ ಆರು ಇಂಚಾದರೂ ಒಳಗಿರಲಿ. ತೂತಿನ ದೂಳನ್ನು ಬ್ರಷ್ಷಿನಿಂದ ಉಜ್ಜಿ ಊದಿ ತೆಗೆಯಿರಿ.

ಪ್ರಶ್ನೆ: ಈಗಾಗಲೇ ಕೂರಿಸಿದ ಲಿಫ್ಟಿನಲ್ಲಿ ಒಂದು ನಟ್ ಸುತ್ತುತ್ತಲೇ ಇದೆ, ಬಿಗಿಯಾಗುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಲಿಫ್ಟ್ ಬಳಸುವುದನ್ನು ನಿಲ್ಲಿಸಿ. ಸರಿಯಾಗಿ ಕೂತ ಆಂಕರ್ ಕೈಬಿಗಿಯಿಂದ ಮುಂದೆ ಮೂರರಿಂದ ಐದು ಸುತ್ತು ತಿರುಗಿಸುವಷ್ಟರಲ್ಲಿ ಕಚ್ಚಿಕೊಳ್ಳುತ್ತದೆ. ಕಚ್ಚದಿದ್ದರೆ ತೂತು ಅಗಲವಾಗಿದೆ, ದೂಳು ಉಳಿದಿದೆ, ಇಲ್ಲವೇ ಕಾಂಕ್ರೀಟೇ ಪುಡಿಯಾಗುತ್ತಿದೆ. ಬಡಿದು ಬಡಿದು ತಿರುಗಿಸುವ ಇಂಪ್ಯಾಕ್ಟ್ ರೆಂಚಿನಿಂದ ಬಿಗಿದರೆ ಇದು ಗೊತ್ತೇ ಆಗುವುದಿಲ್ಲ. ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚೇ ಬೇಕು. ಬಿಗಿತ ಎಷ್ಟೆಂಬುದನ್ನು ಲಿಫ್ಟಿನ ಕೈಪಿಡಿ ಹೇಳುತ್ತದೆ. ಒಂದೇ ಬೋಲ್ಟ್ ಸಡಿಲವಾಗಿದ್ದರೆ ಅದನ್ನು ತೆಗೆದು, ತಯಾರಕರ ಒಪ್ಪಿಗೆ ಪಡೆದು, ತೂತನ್ನು ತಕ್ಕ ಅಳತೆಗೆ ಕೊರೆದು ಕೆಮಿಕಲ್ ಆಂಕರ್ (ತೂತಿಗೆ ರಾಸಾಯನಿಕ ಅಂಟು ತುಂಬಿ ಕೂರಿಸುವ ಬೋಲ್ಟ್) ಹಾಕಿಸಿ. ಎರಡನೆಯದೂ ಸುತ್ತಿದರೆ ನೆಲವೇ ದುರ್ಬಲ, ಹಾಸನ್ನೇ ಹೊಸದಾಗಿ ಹಾಕಿಸಬೇಕು.