ಬೇವಿನ ಗಿಡದ ನೆರಳಲ್ಲೂ ಬೆಳಕಿದೆ

ವಿಜಯಪುರದ ತಾಯಿಯೊಬ್ಬರ ಪತ್ರ: ‘ಐದನೇ ಇಯತ್ತೆಯ ಮಗನಿಗೆ ಮೈನಸ್ 1.75 ನಂಬರಿನ ಚಷ್ಮಾ ಬಂದಿದೆ. ಬಸ್ ಸ್ಟ್ಯಾಂಡಿನಲ್ಲಿ ಸಿಂದಗಿ ಬಸ್ಸನ್ನು ಇಂಡಿ ಬಸ್ಸು ಅಂದಾಗಲೇ ನಮಗೆ ಗೊತ್ತಾಗಿದ್ದು. ಮೊಬೈಲ್ ಅಷ್ಟಾಗಿ ಮುಟ್ಟುವವನಲ್ಲ. ಸೈನಿಕ ಶಾಲೆಯ ಪರೀಕ್ಷೆಗೆ ಓದುತ್ತಾನೆ. ಬೆಳಿಗ್ಗೆ ಐದಕ್ಕೆ ಕೋಚಿಂಗ್, ಅಲ್ಲಿಂದ ಶಾಲೆ, ಸಂಜೆ ಎಂಟರವರೆಗೆ ಮತ್ತೆ ಕೋಚಿಂಗ್. ಮನೆತನದಲ್ಲಿ ಸಣ್ಣ ವಯಸ್ಸಿಗೆ ಯಾರಿಗೂ ಚಷ್ಮಾ ಇಲ್ಲ. ಇವನಿಗೇಕೆ ಬಂತು? ಸದಾ ಹಾಕಿಕೊಂಡರೆ ನಂಬರ್ ಏರುತ್ತದೆ ಎನ್ನುತ್ತಾರೆ ಅತ್ತೆ. ಒಂದನೇ ಇಯತ್ತೆಯ ಮಗಳಿಗೂ ಬಂದೀತೇ ಎಂಬ ಹೆದರಿಕೆ.’

ಸಹೋದರಿ,

ಅತ್ತೆಯವರಿಗೆ ಧೈರ್ಯ ಹೇಳಿ. ಹಾಕಿಕೊಂಡದ್ದರಿಂದ ನಂಬರ್ ಏರುವುದಿಲ್ಲ, ತೆಗೆದಿಟ್ಟರೆ ಕಣ್ಣಿಗೆ ಬಲ ಬರುವುದೂ ಇಲ್ಲ. ಗಜ್ಜರಿ ತಿನ್ನಲಿ, ಒಳ್ಳೆಯದೇ, ಆದರೆ ಮೈನಸ್ ನಂಬರಿಗೆ ಅದು ಮದ್ದಲ್ಲ. ಬೋರ್ಡು ಕಾಣದೆ ಕೂತ ಹುಡುಗ ದಡ್ಡ ಅನ್ನಿಸಿಕೊಳ್ಳುವುದು ಬೇಡ. ಡಾಕ್ಟರು ಹೇಳಿದಂತೆ ಚಷ್ಮಾ ಹಾಕಿಕೊಂಡಿರಲಿ.

ನೀವು ಬರೆದ ದಿನಚರಿಯನ್ನು ಎರಡೆರಡು ಸಲ ಓದಿದೆ. ಹುಡುಗ ಕತ್ತಲಲ್ಲಿ ಮನೆ ಬಿಡುತ್ತಾನೆ, ಕತ್ತಲಾದ ಮೇಲೆ ಬರುತ್ತಾನೆ. ನಡುವಿನ ಹಗಲೆಲ್ಲ ಸೂರಿನ ಕೆಳಗೆ. ಬಿಸಿಲಿಗೆ ಹೆಸರಾದ ವಿಜಯಪುರದಲ್ಲಿ ಈ ಕೂಸಿಗೆ ಬಿಸಿಲೇ ಸಿಗುತ್ತಿಲ್ಲವಲ್ಲ ಎಂದು ಸಂಕಟವಾಯಿತು.

ಹುಟ್ಟಿದ ಮಗುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಇರುತ್ತದೆ, ಬೆಳೆದವರದು 24ರ ಆಸುಪಾಸು. ಇರಬೇಕಾದ್ದಕ್ಕಿಂತ ಒಂದೇ ಮಿಲಿಮೀಟರ್ ಉದ್ದವಾದರೂ ದೂರದ್ದು ಮಸುಕಾಗಿ ಮೈನಸ್ ಎರಡೂವರೆ ನಂಬರ್ ಬಂತೆಂದೇ ಲೆಕ್ಕ. ಹಗಲ ಬೆಳಕು ಬಿದ್ದಾಗ ಕಣ್ಣಿನ ಒಳಹಿಂಬದಿಯ ಪರದೆಯಾದ ಅಕ್ಷಿಪಟಲದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹೆಚ್ಚುತ್ತದೆ, ಅದೇ ಈ ಬೆಳವಣಿಗೆಗೆ ಲಗಾಮು ಹಾಕುತ್ತದೆ ಎಂಬುದು ಸಂಶೋಧಕರು ಹೆಚ್ಚಾಗಿ ಒಪ್ಪುವ ವಿವರಣೆ. ಟ್ಯೂಬ್‌ಲೈಟ್ ಹಚ್ಚಿದ ಕೋಣೆಯಲ್ಲಿ ಬೆಳಕು ಮುನ್ನೂರು ಲಕ್ಸ್ (ಬೆಳಕಿನ ಅಳತೆ) ಇದ್ದರೆ ಹೆಚ್ಚು. ಬೇವಿನ ಗಿಡದ ನೆರಳಲ್ಲೂ ಸಾವಿರಾರು, ನಡುಮಧ್ಯಾಹ್ನದ ಬಯಲಲ್ಲಿ ಒಂದು ಲಕ್ಷದ ಹತ್ತಿರ! ಕಣ್ಣು ತಾನಾಗಿಯೇ ಹೊಂದಿಕೊಳ್ಳುವುದರಿಂದ ಈ ಅಂತರ ನಮ್ಮ ಗಮನಕ್ಕೆ ಬರುವುದಿಲ್ಲ.

ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನು ಸಿಂಗಪುರ ಮತ್ತು ಸಿಡ್ನಿಗಳಲ್ಲಿ ಹೋಲಿಸಿ ನೋಡಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಸಮೀಪದೃಷ್ಟಿ, ಅಂದರೆ ಈ ಮೈನಸ್ ನಂಬರ್, ಸಿಂಗಪುರದಲ್ಲಿ ನೂರಕ್ಕೆ 29 ಮಕ್ಕಳಿಗೆ, ಸಿಡ್ನಿಯಲ್ಲಿ ಮೂವರಿಗೆ. ಪುಸ್ತಕ ಹೆಚ್ಚು ಓದುತ್ತಿದ್ದವರು ಸಿಡ್ನಿಯವರೇ. ಆದರೆ ಅವರು ವಾರಕ್ಕೆ ಹದಿನಾಲ್ಕು ತಾಸಿನಷ್ಟು ಹೊರಗಿರುತ್ತಿದ್ದರು, ಸಿಂಗಪುರದವರು ಮೂರೇ ತಾಸು. ಹಾಗೆಂದು ಪುಸ್ತಕವನ್ನು ಮೂಗಿಗೆ ಹಚ್ಚಿಕೊಂಡು ತಾಸುಗಟ್ಟಲೆ ಕೂಡುವುದು ನಿರಪಾಯವೆಂದಲ್ಲ. ಒಂದಡಿಯಾದರೂ ದೂರವಿರಲಿ, ಆಗಾಗ ತಲೆಯೆತ್ತಲಿ.

ಇನ್ನು ಮಗಳು. ಬಯಲಿನ ಬೆಳಕು ಹೆಚ್ಚು ಕಾಯುವುದು ಚಷ್ಮಾ ಬರುವುದಕ್ಕೆ ಮುಂಚೆ, ಆದ್ದರಿಂದ ಈಗ ಅವಳೇ ಮುಖ್ಯ. ಚೀನಾದ ಗುವಾಂಗ್‌ಝೌ ನಗರದ ಕೆಲವು ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ದಿನಕ್ಕೆ 40 ನಿಮಿಷ ಹೆಚ್ಚು ಹೊರಗೆ ಬಿಟ್ಟು ನೋಡಿದರು. ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು ನೂರಕ್ಕೆ 30 ಮಕ್ಕಳಿಗೆ, ಉಳಿದ ಶಾಲೆಗಳಲ್ಲಿ ಸುಮಾರು 40. ಪವಾಡವೇನಲ್ಲ, ಆದರೂ ಕಾಸಿನ ಖರ್ಚಿಲ್ಲದೆ ನೂರರಲ್ಲಿ ಒಂಬತ್ತು-ಹತ್ತು ಮಕ್ಕಳು ಉಳಿದರು. ದಿಲ್ಲಿಯ ಶಾಲಾಮಕ್ಕಳಲ್ಲೂ ದಿನಕ್ಕೆ ಎರಡು ತಾಸಿಗಿಂತ ಹೆಚ್ಚು ಹೊರಗೆ ಆಡುವವರಿಗೆ ಸಮೀಪದೃಷ್ಟಿ ಕಡಿಮೆ ಎಂದು ಕಂಡಿದೆ.

ಎರಡು ತಾಸು ಒಟ್ಟಿಗೇ ಆಗಬೇಕೆಂದಿಲ್ಲ. ಏಪ್ರಿಲ್‌ನ ಉರಿಬಿಸಿಲು ಬೇಡ, ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ಐದರ ಮೇಲೆ ಸಾಕು. ಚಿಣಿಫಣಿ ಆಡಲಿ, ಸೈಕಲ್ ಹೊಡೆಯಲಿ, ಸುಮ್ಮನೆ ಗಿಡದ ಕಟ್ಟೆಯ ಮೇಲೆ ಕೂಡಲಿ. ಸೂರ್ಯನನ್ನು ದಿಟ್ಟಿಸಿ ನೋಡಬಾರದಷ್ಟೇ.

ಮಗನಿಗೆ ಬಂದ ನಂಬರ್ ಇದರಿಂದ ಇಳಿಯದು. ಏರಿಕೆಯನ್ನು ನಿಧಾನಿಸಲು ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿಗಳಿವೆ. ಅವನಿಗೆ ಬೇಕೇ ಎಂದು ಕಣ್ಣಿನ ಡಾಕ್ಟರನ್ನೇ ಕೇಳಿ. ಸಂಜೆಯ ಕೋಚಿಂಗ್ ಮಾತ್ರ ಬಿಡಿಸಿ, ಇದು ನನ್ನ ಬೇಡಿಕೆ. ಸೈನಿಕ ಶಾಲೆಯಲ್ಲಿ ಲಿಖಿತ ಪರೀಕ್ಷೆಯಾದ ಮೇಲೆ ವೈದ್ಯಕೀಯ ತಪಾಸಣೆ ಇದೆ, ಅಲ್ಲಿ ಕಣ್ಣನ್ನೂ ನೋಡುತ್ತಾರೆ. ಆರು ತಿಂಗಳಿಗೆ ಮತ್ತೆ ಇಬ್ಬರ ಕಣ್ಣೂ ತೋರಿಸಿ, ಏನಾಯಿತೆಂದು ನಮಗೊಂದು ಪತ್ರ ಹಾಕಿ.

— ಸಂಪಾದಕ