ಬಿದಿರಿನ ಟೆನ್ಸೆಗ್ರಿಟಿ ಜೋಲು ಬಿದ್ದಿದ್ದಕ್ಕೆ

ಮೂರು ಹಸಿ ಬಿದಿರು ಕಡ್ಡಿ, ಒಂಬತ್ತು ನೈಲಾನ್ ದಾರದ ಟೆನ್ಸೆಗ್ರಿಟಿ (ಕಡ್ಡಿಗಳು ಒಂದಕ್ಕೊಂದು ತಾಗದೆ, ಬಿಗಿದ ದಾರದ ಎಳೆತದಲ್ಲೇ ನಿಲ್ಲುವ ರಚನೆ) ಎರಡೇ ದಿನಕ್ಕೆ ಜೋಲು ಬಿತ್ತು ಅಂದಿದ್ದೀರಿ. ತೀರ್ಥಹಳ್ಳಿಯಲ್ಲಿ ನನ್ನದೂ ಹೀಗೇ ಆಗಿತ್ತು. ಬಿದಿರು ಒಣಗಿದಂತೆ ಸಣ್ಣಗಾಗುತ್ತದೆ, ಸುತ್ತಿ ಕಟ್ಟಿದ ಗಂಟು ಜಾರುತ್ತದೆ. ನೈಲಾನೂ ಹಿಗ್ಗುತ್ತದೆ. ಚೆನ್ನಾಗಿ ಒಣಗಿದ ಅಡಿಕೆ ದಬ್ಬೆ ತಗೊಳ್ಳಿ. ತುದಿಗೆ ಗರಗಸದಲ್ಲಿ ಸೀಳು ಹಾಕಿ ದಾರ ಕೂರಿಸಿ. ದಾರ ಪಾಲಿಯೆಸ್ಟರ್ ಇರಲಿ.

ಅಳತೆ ಮಾತ್ರ ಸುಮ್ನೆ ಅಂದಾಜಿಗೆ ಬೇಡ. ಕಡ್ಡಿ 30 ಸೆಂ.ಮೀ. ಇದ್ದರೆ, ಮೇಲಿನ ಮತ್ತು ಕೆಳಗಿನ ದಾರದ ತ್ರಿಕೋನದ ಬದಿ 15, ಅವೆರಡನ್ನೂ ಸೇರಿಸುವ ಪಕ್ಕದ ಮೂರು ದಾರ 25.3. ಆಗ ಮೇಲಿನ ತ್ರಿಕೋನ ಕೆಳಗಿನದಕ್ಕಿಂತ 30 ಡಿಗ್ರಿ ತಿರುಗಿ ನಿಲ್ಲುತ್ತದೆ. 1968ರಲ್ಲಿ ಅಮೆರಿಕದ ಶಿಲ್ಪಿ ಕೆನೆತ್ ಸ್ನೆಲ್ಸನ್ ಇದೇ ತಳ್ಳು-ಎಳೆತದಲ್ಲಿ ಸುಮಾರು 18 ಮೀಟರ್ ಎತ್ತರದ ಗೋಪುರ ನಿಲ್ಲಿಸಿದರು. ಅವರದು ಅಲ್ಯೂಮಿನಿಯಂ, ಉಕ್ಕು. ನಮ್ಮ ಮಳೆಗಾಲದ ಕಾಟ ಇಲ್ಲ ಬಿಡಿ.

ಪಕ್ಕದ ದಾರ ಒಂದೆರಡು ಮಿ.ಮೀ. ಕಮ್ಮಿ ಕಟ್ಟಿ, ಬೆರಳಲ್ಲಿ ಮೀಟಿ ನೋಡಿ. ಮೂರೂ ಒಂದೇ ಸ್ವರ ಕೊಡಬೇಕು.